ತೆರೆಯದ ಫೈಲು: ಗಾಬರಿ ಬೇಡ, ಗಮನವಿರಲಿ

(ನಮ್ಮ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಕಂಪ್ಯೂಟರ್ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ಹೇಳಿದಾಗ ನನಗೆ ನಗು ಬಂತು. ನಾನು ಇಂಜಿನಿಯರ್ ಅಲ್ಲ. ಬಿ.ಎಡ್. ಮಾಡಿ, ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಪಾಠ ಮಾಡುವ ಟೀಚರ್. ಆದರೆ ಕಳೆದ ವರ್ಷ ಒಂದು ಸಿಡಿ ನನ್ನ ಕೈಗೆ ಬಂತು. ಅದು ಕಲಿಸಿದಷ್ಟನ್ನು ಯಾವ ತರಬೇತಿಯೂ ನನಗೆ ಕಲಿಸಿರಲಿಲ್ಲ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ನಾನು ಪ್ರೈಮರಿಯಲ್ಲಿದ್ದಾಗ ನನಗೆ ಅಲಿಫ್-ಬೇ ಕಲಿಸಿದ ಉಸ್ತಾದ್ ಸಾಹೇಬರು ನಿವೃತ್ತರಾದ ಮೇಲೆ ಒಂದು ಕೆಲಸ ಹಿಡಿದರು. ಬೇಲೂರು, ಹಳೇಬೀಡು, ಅರಸೀಕೆರೆ ಕಡೆಯ ನಮ್ಮ ಮನೆಗಳಲ್ಲಿ ಅಜ್ಜಿಯರು ಆಡುವ ದಖನಿ ಮಾತು, ಗಾದೆ, ಮದುವೆ ಹಾಡು, ಜೋಗುಳ, ಇವನ್ನೆಲ್ಲ ಮನೆ ಮನೆಗೆ ಹೋಗಿ ಬರೆದುಕೊಂಡರು. 'ನಕ್ಕೊ', 'ಹೌ', 'ಕಾಯ್ಕು' ಎಂದು ನಾವು ದಿನಾ ಆಡುವ ಈ ಮಾತು ಪಠ್ಯಪುಸ್ತಕದ ಉರ್ದುವಿನಲ್ಲಿ ಇಲ್ಲ. ಬರೆದಿಡದಿದ್ದರೆ ಹೋಗುತ್ತದೆ ಎಂಬುದು ಅವರ ಚಿಂತೆ. 2006ರಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದರು. ಅಚ್ಚು ಹಾಕಿಸಲು ಹಣ ಸಾಲಲಿಲ್ಲ. ಅಂಗಡಿಯವರು ಎಲ್ಲವನ್ನೂ ಒಂದು ಸಿಡಿಗೆ ಹಾಕಿ ಕೊಟ್ಟರು. ಇನ್ನು ಭದ್ರವಾಯಿತಲ್ಲ ಎಂದುಕೊಂಡು ಕೈಬರಹದ ನೋಟ್ ಪುಸ್ತಕಗಳನ್ನು ಮನೆಯವರು ಉಳಿಸಿಕೊಳ್ಳಲಿಲ್ಲ. ಕೆಲವು ವರ್ಷಗಳ ಹಿಂದೆ ಉಸ್ತಾದರು ತೀರಿಕೊಂಡರು. ಅಂಗಡಿಯೂ ಮುಚ್ಚಿತ್ತು.

ಕಳೆದ ವರ್ಷ ಅವರ ಮಗಳು ಆ ಸಿಡಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಶಾಲೆಗೆ ಬಂದರು. "ಅಬ್ಬಾನ ಪುಸ್ತಕ ಇದರಲ್ಲಿದೆಯಂತೆ ಟೀಚರ್, ಯಾರ ಕಂಪ್ಯೂಟರಿನಲ್ಲೂ ತೆರೆಯುತ್ತಿಲ್ಲ. ಹಾಳಾಗಿದೆ, ಬಿಸಾಕಿ ಅಂದರು. ಮನಸ್ಸು ಬರಲಿಲ್ಲ" ಎಂದರು.

ಅದರಲ್ಲಿ 11 ಫೈಲುಗಳಿದ್ದವು. ಒಂದೂ ತೆರೆಯಲಿಲ್ಲ, ಇಲ್ಲವೇ ತೆರೆದರೂ ಓದಲು ಬರಲಿಲ್ಲ. ಆದರೆ ಕಾರಣ ಎಲ್ಲಕ್ಕೂ ಒಂದೇ ಆಗಿರಲಿಲ್ಲ. ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. 'ಫೈಲು ತೆರೆಯುತ್ತಿಲ್ಲ' ಎಂಬುದು 'ಜ್ವರ' ಎಂದ ಹಾಗೆ. ಜ್ವರಕ್ಕೆ ಕಾರಣ ಹಲವು. ಕಾರಣ ತಿಳಿಯದೆ ಔಷಧಿ ಕೊಡಬಾರದು. ಹೆಚ್ಚಿನ ಸಲ ಫೈಲು ಸತ್ತಿರುವುದಿಲ್ಲ, ಅದನ್ನು ಓದಬಲ್ಲವರು ನಮ್ಮ ಹತ್ತಿರ ಇರುವುದಿಲ್ಲ.

ಇದಕ್ಕೆ ನಮ್ಮ ತಾಲ್ಲೂಕಿನದೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಹಲ್ಮಿಡಿ ಎಲ್ಲರಿಗೂ ಗೊತ್ತು. ಸುಮಾರು ಕ್ರಿ.ಶ. 450ರ ಕಾಲದ್ದೆಂದು ಹೇಳುವ 16 ಸಾಲಿನ ಶಾಸನ ಅಲ್ಲಿ ಇತ್ತು. ಊರಿನವರು ದಿನಾ ಆ ಕಲ್ಲನ್ನು ನೋಡುತ್ತಿದ್ದರು. ಓದಲು ಬರುತ್ತಿರಲಿಲ್ಲ. 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಅದನ್ನು ಓದಿ ನಾಡಿಗೆ ತಿಳಿಸಿದರು. ಕಲ್ಲು ಹಾಳಾಗಿರಲಿಲ್ಲ. ಅಕ್ಷರದ ರೂಪ ಬದಲಾಗಿತ್ತು, ಆ ರೂಪ ಬಲ್ಲವರು ಬೇಕಾಗಿತ್ತು, ಅಷ್ಟೇ. ಇಂದು ಹಲ್ಮಿಡಿಗೆ ಹೋದರೆ ನಿಮಗೆ ಕಾಣುವುದು ಅದರ ಪ್ರತಿಕೃತಿ. ಮೂಲವನ್ನು ಬೇರೆಡೆ ಜೋಪಾನವಾಗಿ ಇಟ್ಟಿದ್ದಾರೆ. ಈ ಎರಡು ಮಾತನ್ನೂ, ಅಂದರೆ ಓದಬಲ್ಲವರನ್ನು ಹುಡುಕುವುದು ಮತ್ತು ಮೂಲವನ್ನು ಜೋಪಾನ ಮಾಡುವುದು, ದಯವಿಟ್ಟು ನೆನಪಿಡಿ.

ಮೊದಲ ಪಾಠ: ಮೂಲವನ್ನು ಮುಟ್ಟಬೇಡಿ

ನಾನು ಸಿಡಿ ತೆಗೆದುಕೊಂಡೆ. ಶಾಲೆಯ ಕಂಪ್ಯೂಟರಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ! ಹೊರಗಿನಿಂದ ಜೋಡಿಸುವ ಸಿಡಿ ಡ್ರೈವ್ ಒಂದನ್ನು ಕೇಳಿ ತಂದು ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆವು. ನಮ್ಮ ಹತ್ತನೇ ತರಗತಿಯ ಹುಡುಗನೊಬ್ಬ ಬಹಳ ಚುರುಕು. ಅವನು ಒಂದು ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದ. ಚೌಕ, ಚುಕ್ಕಿ, ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಮುಚ್ಚುವಾಗ ಅಭ್ಯಾಸಬಲದಿಂದ 'ಸೇವ್' ಒತ್ತಿದ. ಅಲ್ಲಿಗೆ ಪೆನ್‌ಡ್ರೈವಿನ ಆ ಫೈಲು ನಿಜವಾಗಿಯೂ ಹಾಳಾಯಿತು. ಪುಣ್ಯಕ್ಕೆ ಅದು ಒಮ್ಮೆ ಬರೆದರೆ ಮತ್ತೆ ಬರೆಯಲಾಗದ ಸಿಡಿ. ಮೂಲ ಹಾಗೆಯೇ ಇತ್ತು. ಹುಡುಗ ಅಳುಮುಖ ಮಾಡಿದ. ತಪ್ಪು ಅವನದಲ್ಲ, ಎರಡು ಪ್ರತಿ ಮಾಡದೆ ಕೆಲಸ ಶುರು ಮಾಡಿದ ನನ್ನದು.

ಆದ್ದರಿಂದ ತೆರೆಯದ ಫೈಲು ಸಿಕ್ಕರೆ ಮೊದಲು ಅದರ ಪ್ರತಿ ಮಾಡಿ. ಪ್ರಯೋಗವೆಲ್ಲ ಪ್ರತಿಯ ಮೇಲೆ ನಡೆಯಲಿ. ಸೇವ್ ಮಾಡಲೇ, ಸರಿಪಡಿಸಲೇ, ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿದರೆ ಮೂಲವಿರುವ ಜಾಗದಲ್ಲಿ 'ಬೇಡ' ಎನ್ನಿ. ಅಕಸ್ಮಾತ್ ಅಳಿಸಿಹೋದ ಫೈಲನ್ನು ಹುಡುಕಬೇಕಾದರೆ ಆ ಪೆನ್‌ಡ್ರೈವಿಗೆ ಬೇರೆ ಏನನ್ನೂ ತುಂಬಬೇಡಿ. ಅಳಿಸಿದ್ದರ ಮೇಲೆ ಹೊಸದು ಬರೆದರೆ ಹಳೆಯದು ಮರಳಿ ಸಿಗುವುದಿಲ್ಲ.

ಎರಡನೇ ಪಾಠ: ಕಾರಣ ಹುಡುಕುವ ಕ್ರಮ

ಒಂದೊಂದಾಗಿ ನೋಡೋಣ. ವಿದ್ಯಾರ್ಥಿಗಳು ಬೇಕಾದರೆ ಬರೆದುಕೊಳ್ಳಿ.

ಒಂದು, ಪರದೆಯ ಮೇಲೆ ಬರುವ ಸಂದೇಶವನ್ನು ಪೂರ್ತಿ ಓದಿ. ನಮ್ಮಲ್ಲಿ ಹೆಚ್ಚಿನವರು ಓದದೆಯೇ 'ಓಕೆ' ಒತ್ತುತ್ತೇವೆ. 'ಯಾವುದರಿಂದ ತೆರೆಯಲಿ?' ಎಂದು ಕೇಳಿದರೆ ತಕ್ಕ ಸಾಫ್ಟ್‌ವೇರ್ ಇಲ್ಲ ಎಂದರ್ಥ. 'ಪಾಸ್‌ವರ್ಡ್ ಕೊಡಿ' ಎಂದರೆ ಬೀಗ ಹಾಕಿದೆ ಎಂದರ್ಥ. ಇ-ಆಧಾರ್ ಡೌನ್‌ಲೋಡ್ ಮಾಡಿ, ತೆರೆಯುತ್ತಿಲ್ಲ ಎಂದು ಎಷ್ಟೋ ತಾಯಂದಿರು ನನ್ನ ಬಳಿ ಬಂದಿದ್ದಾರೆ. ಅದರ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡ ಅಕ್ಷರ, ಅದಕ್ಕೆ ಅಂಟಿಕೊಂಡು ಹುಟ್ಟಿದ ವರ್ಷ. ಆಧಾರಿನಲ್ಲಿ ಹೆಸರಿನ ಸ್ಪೆಲಿಂಗ್ ಹೇಗಿದೆಯೋ ಹಾಗೆಯೇ ಹಾಕಬೇಕು.

ಎರಡು, ಫೈಲಿನ ಗಾತ್ರ ನೋಡಿ. ಸೊನ್ನೆ ಕೆಬಿ ಎಂದಿದ್ದರೆ ಒಳಗೆ ಏನೂ ಇಲ್ಲ, ಬರೀ ಹೆಸರಿದೆ. ನೆಟ್ ನಿಧಾನವಿದ್ದಾಗ ಅರ್ಧ ಡೌನ್‌ಲೋಡ್ ಆದ ಫೈಲಿನ ಗಾತ್ರ ಇರಬೇಕಾದ್ದಕ್ಕಿಂತ ಕಡಿಮೆ ಇರುತ್ತದೆ. ಅಂಥದ್ದನ್ನು ರಿಪೇರಿ ಮಾಡುತ್ತಾ ಕೂರಬೇಡಿ, ಮತ್ತೊಮ್ಮೆ ಡೌನ್‌ಲೋಡ್ ಮಾಡಿ. ಕಾಪಿ ಆಗುವುದು ಮುಗಿಯುವ ಮುಂಚೆ ಪೆನ್‌ಡ್ರೈವನ್ನು ಕಿತ್ತರೂ ಹೀಗೇ ಆಗುತ್ತದೆ. ಹಾಲು ಕರೆಯುವಾಗ ಚೊಂಬು ಕಸಿದುಕೊಂಡ ಹಾಗೆ.

ಮೂರು, ಹೆಸರಿನ ಬಾಲ ನೋಡಿ. ಪ್ರತಿ ಫೈಲಿನ ಹೆಸರಿನ ಕೊನೆಗೆ ಒಂದು ಚುಕ್ಕಿ, ಆಮೇಲೆ ಕೆಲವು ಅಕ್ಷರಗಳಿರುತ್ತವೆ. ಅದು ಫೈಲಿನ ಜಾತಿ ಹೇಳುತ್ತದೆ. ವಿಂಡೋಸ್ ಇದನ್ನು ಸಾಮಾನ್ಯವಾಗಿ ಮುಚ್ಚಿಟ್ಟಿರುತ್ತದೆ. 'ವ್ಯೂ' ಎಂಬಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದಕ್ಕೆ ಗುರುತು ಹಾಕಿದರೆ ಕಾಣುತ್ತದೆ. ಡಾಕ್ ಎಂದಿದ್ದರೆ ಹಳೆಯ ವರ್ಡ್. ಡಾಕ್ಸ್ ಎಂದಿದ್ದರೆ 2007ರ ನಂತರದ ವರ್ಡ್. ಪಿಎಂಡಿ ಎಂದರೆ ಪೇಜ್‌ಮೇಕರ್. ಐಎನ್‌ಪಿ ಎಂದರೆ ಇನ್‌ಪೇಜ್. ಬಾಲವನ್ನು ಬದಲಿಸಿದ ಮಾತ್ರಕ್ಕೆ ಜಾತಿ ಬದಲಾಗುವುದಿಲ್ಲ. ಉಪ್ಪಿನ ಡಬ್ಬಿಗೆ ಸಕ್ಕರೆ ಎಂದು ಚೀಟಿ ಅಂಟಿಸಿದರೆ ಚಹಾ ಸಿಹಿಯಾಗುವುದೇ? ಇನ್ನೊಂದು ಎಚ್ಚರಿಕೆ: ಪಿಡಿಎಫ್ ಎಂದು ಕಂಡು, ಅದರ ನಂತರ ಮತ್ತೆ ಇಎಕ್ಸ್‌ಇ ಎಂಬ ಬಾಲವಿದ್ದರೆ ಅದು ಕಾಗದ ಪತ್ರವಲ್ಲ, ಬಹುಪಾಲು ವೈರಸ್. ತೆರೆಯಲೇಬೇಡಿ.

ನಾಲ್ಕು, ಚೀಟಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಒಳಗೆ ಇಣುಕಿ ನೋಡಿ. ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ, ಸೇವ್ ಮಾಡದೆ ಮುಚ್ಚಿ. ಪಿಡಿಎಫ್ ಆಗಿದ್ದರೆ ಮೊದಲಲ್ಲೇ ಶೇಕಡಾ ಗುರುತಿನ ಪಕ್ಕ ಆ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಡಾಕ್ಸ್ ಫೈಲು ನಿಜವಾಗಿ ಜಿಪ್ ಮಾಡಿದ ಒಂದು ಗಂಟು. ಹಾಗಾಗಿ ಅದರ ಮೊದಲ ಎರಡು ಅಕ್ಷರ ಪಿ ಮತ್ತು ಕೆ. ಜಿಪ್ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳವು.

ಐದು, ತಕ್ಕ ಸಾಫ್ಟ್‌ವೇರ್ ಹುಡುಕಿ. ಎಲ್ಲದಕ್ಕೂ ಹಣ ಕೊಡಬೇಕೆಂದೇನಿಲ್ಲ. 2010ರಲ್ಲಿ ಶುರುವಾದ ಲಿಬ್ರೆ ಆಫೀಸ್ ಉಚಿತ. ಹಳೆಯ ವರ್ಡ್ ಫೈಲುಗಳನ್ನು ಅದು ತೆರೆಯುತ್ತದೆ. ಪೇಜ್‌ಮೇಕರ್ ಫೈಲನ್ನೂ ಅದರ 'ಡ್ರಾ' ಭಾಗ ತೆರೆಯಬಲ್ಲದು, ಪುಟದ ಅಂದ ಸ್ವಲ್ಪ ಕೆಡಬಹುದು. ವರ್ಡಿನಲ್ಲೇ ಫೈಲು ಕೆಟ್ಟಿದೆ ಎಂದು ಬಂದರೆ, 'ಓಪನ್' ಗುಂಡಿಯ ಪಕ್ಕದ ಬಾಣದ ಗುರುತಿನಲ್ಲಿ 'ಓಪನ್ ಅಂಡ್ ರಿಪೇರ್' ಎಂಬುದಿದೆ, ಪ್ರಯತ್ನಿಸಿ.

ಆರು, ಪೆನ್‌ಡ್ರೈವಿನಲ್ಲಿ ಫೈಲುಗಳ ಜಾಗದಲ್ಲಿ ಬರೀ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕಂಡರೆ ಅದು ಒಂದು ಬಗೆಯ ವೈರಸ್. ಝೆರಾಕ್ಸ್ ಅಂಗಡಿ, ಸೈಬರ್ ಸೆಂಟರ್ ಸುತ್ತಿ ಬಂದ ಪೆನ್‌ಡ್ರೈವುಗಳಲ್ಲಿ ಇದು ಸಾಮಾನ್ಯ. ಶಾರ್ಟ್‌ಕಟ್ ಒತ್ತಬೇಡಿ. ನಿಮ್ಮ ಫೈಲುಗಳು ಹೆಚ್ಚಾಗಿ ಅಲ್ಲೇ ಅಡಗಿಸಿಟ್ಟಿರುತ್ತವೆ. ಮೊದಲು ಆಂಟಿವೈರಸ್ ಓಡಿಸಿ, ಆಮೇಲೆ ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಬಳಸಿ ಹೊರತೆಗೆಯಿರಿ. ಫಾರ್ಮ್ಯಾಟ್ ಮಾಡುವ ಆತುರ ಬೇಡ.

ಮೂರನೇ ಪಾಠ: ತೆರೆದರೂ ಓದಲಾಗದ ಫೈಲು

ಉಸ್ತಾದರ ಸಿಡಿಯ ಎರಡು ವರ್ಡ್ ಫೈಲುಗಳು ಹೀಗಿದ್ದವು. ಒಂದು ಕನ್ನಡದ ಮುನ್ನುಡಿ, ಇನ್ನೊಂದು ಪದಗಳಿಗೆ ಕನ್ನಡ ಅರ್ಥ. ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ದೊಡ್ಡ ಪಿ ಅಕ್ಷರ, ನೆತ್ತಿಯ ಮೇಲೆ ಗೀಟು ಇರುವ ಎ, ಬ್ರಿಟಿಷ್ ಪೌಂಡಿನ ಗುರುತು! ನೋಡಿದವರು ಹಾಳಾಗಿದೆ ಎಂದದ್ದು ಸಹಜ. ಆದರೆ ಆ ಪಿ ಮತ್ತು ಗೀಟಿನ ಎ ಸೇರಿದರೆ ನಮ್ಮ 'ಕ'. ಪೌಂಡಿನ ಗುರುತು ಮತ್ತು ಅದೇ ಎ ಸೇರಿದರೆ 'ನ'.

ಹೀಗೇಕೆ? ಆಗಿನ ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ ಮನೆ ಸಂಖ್ಯೆ ಇತ್ತು. ನಮ್ಮವರು ಆ ಮನೆಗಳಲ್ಲೇ ಕನ್ನಡ ಅಕ್ಷರದ ತುಂಡುಗಳನ್ನು ಬಾಡಿಗೆಗೆ ಇಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ', 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ 'ಬರಹ', ಇವುಗಳ ಹಳೆಯ ಫಾಂಟುಗಳು ಹೀಗೆಯೇ ಕೆಲಸ ಮಾಡಿದವು. ಕನ್ನಡವನ್ನು ಮನೆ ಮನೆಯ ಕಂಪ್ಯೂಟರಿಗೆ ತಂದ ಉಪಕಾರ ಅವುಗಳದ್ದು. ಆದರೆ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಬಾಡಿಗೆದಾರ ಮಾಯವಾಗಿ ಮನೆ ಮಾಲೀಕ ಕಾಣಿಸಿಕೊಳ್ಳುತ್ತಾನೆ. ಅದೇ ಫಾಂಟನ್ನು ಹಾಕಿದೆವು, ಬರಹವನ್ನೆಲ್ಲ ಆಯ್ದು ಫಾಂಟಿನ ಹೆಸರು ಒತ್ತಿದೆವು. ಉಸ್ತಾದರ ಮುನ್ನುಡಿ ಕಣ್ಣ ಮುಂದೆ ಬಂತು. ಅವರ ಮಗಳು ಮೊದಲ ಸಾಲು ಓದಿ ಕುರ್ಚಿಯಲ್ಲಿ ಕೂತುಬಿಟ್ಟರು.

ಅಲ್ಲಿಗೆ ನಿಲ್ಲಿಸಬಾರದು. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸಬೇಕು. ಯೂನಿಕೋಡಿನಲ್ಲಿ ಜಗತ್ತಿನ ಬಹುತೇಕ ಲಿಪಿಗಳಿಗೆ ಸ್ವಂತ ಮನೆ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಯೂನಿಕೋಡ್ ಫಾಂಟೂ ಬಂತು. ಆದರೆ ಡಿಟಿಪಿ ಅಂಗಡಿಗಳು ಬಹಳ ಕಾಲ ಹಳೆಯ ರೂಢಿಯಲ್ಲೇ ಇದ್ದವು. ಬದಲಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಓದಿ ತಿದ್ದಬೇಕು. ಅರ್ಕಾವತ್ತು ಅತ್ತಿತ್ತ ಆಗುವುದುಂಟು, ದೀರ್ಘ ಜಾರುವುದುಂಟು. ನಮ್ಮ ಹುಡುಗಿಯರು ಪಾಠದ ನಂತರ ಕೂತು ಇದನ್ನು ಮಾಡಿದರು. ಒಳ್ಳೆಯ ಕನ್ನಡ ಕಾಗುಣಿತದ ಅಭ್ಯಾಸವೂ ಆಯಿತು.

ಉರ್ದುವಿನದು ಇನ್ನೂ ಕಷ್ಟ. ನಸ್ತಲೀಕ್ ಲಿಪಿ ಸಾಲಿನಲ್ಲಿ ನೇರ ನಿಲ್ಲುವುದಿಲ್ಲ, ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ. ಅದಕ್ಕೇ ಬಹಳ ಕಾಲ ಕಾತಿಬರೇ ಕೈಯಿಂದ ಬರೆದು ಪುಸ್ತಕ ಅಚ್ಚಾಗುತ್ತಿತ್ತು. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಅವರ ನೂರಿ ನಸ್ತಲೀಕ್ ಬಂತು. ಕೂಡಿಕೊಂಡ ಅಕ್ಷರಗಳ ಸುಮಾರು 20,000 ಆಕಾರಗಳನ್ನು ಬಿಡಿಸಿ ಮಾಡಿದ ಲಿಪಿ ಅದು. 1994ರಲ್ಲಿ ದೆಹಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್‌ನವರ ಇನ್‌ಪೇಜ್ ಬಂದ ಮೇಲೆ ಉರ್ದು ಅಚ್ಚಿನ ಕೆಲಸವೇ ಬದಲಾಯಿತು. ಉಸ್ತಾದರ ಎಂಟು ಫೈಲುಗಳು ಹಳೆಯ ಇನ್‌ಪೇಜಿನವು. ವರ್ಡಿನಲ್ಲಾಗಲಿ ಮೊಬೈಲಿನಲ್ಲಾಗಲಿ ಅವು ತೆರೆಯುವುದಿಲ್ಲ.

ಅದನ್ನು ಓದಬಲ್ಲವರನ್ನು ಹುಡುಕಲು ಒಂದು ತಿಂಗಳು ಹಿಡಿಯಿತು. ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ಹಿರಿಯ ಮುದ್ರಕರು ಸಿಕ್ಕರು. ಹಳೆಯ ಕಂಪ್ಯೂಟರನ್ನು ಅವರು ಎಸೆದಿರಲಿಲ್ಲ. ಏಳು ಫೈಲು ತೆರೆದವು. ಪಿಡಿಎಫ್ ಮಾಡಿಕೊಟ್ಟರು, ಯೂನಿಕೋಡಿಗೂ ಬದಲಿಸಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಬದಲಿಸಿದ್ದರಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ರೇ, ದಾಲ್, ವಾವ್ ಮುಂತಾದ ಅಕ್ಷರಗಳು ಮುಂದಿನ ಅಕ್ಷರವನ್ನು ಕೂಡುವುದಿಲ್ಲವಾದ್ದರಿಂದ ಟೈಪ್ ಮಾಡುವವರು ಅಲ್ಲಿ ಜಾಗ ಬಿಡುತ್ತಿರಲಿಲ್ಲ. ಕಣ್ಣಿಗೆ ಬೇರೆ ಬೇರೆಯಾಗಿ ಕಂಡರೂ ಕಂಪ್ಯೂಟರಿಗೆ ಅದು ಒಂದೇ ಪದ. ಅದನ್ನೂ ಬಿಡಿಸಿದೆವು. ಪೇಜ್‌ಮೇಕರ್‌ನಲ್ಲಿದ್ದದ್ದು ಮುಖಪುಟ. ಅದನ್ನು ಲಿಬ್ರೆ ಆಫೀಸ್ ತೆರೆಯಿತು.

ಹನ್ನೊಂದನೆಯದು ಜೋಗುಳಗಳ ಅಧ್ಯಾಯ. ಗಾತ್ರ ಸೊನ್ನೆ. ಸಿಡಿ ಬರೆಯುವ ಮುಂಚೆಯೇ ಅದು ಖಾಲಿಯಾಗಿತ್ತು ಎಂದು ಮುದ್ರಕರು ಹೇಳಿದರು. ಅಂದು ಒಮ್ಮೆ ತೆರೆದು ನೋಡಿದ್ದರೆ ತಿಳಿಯುತ್ತಿತ್ತು. ಯಾರೂ ನೋಡಲಿಲ್ಲ. ಈ ಸುದ್ದಿ ಹೇಳಲು ನಾನು ಉಸ್ತಾದರ ಮನೆಗೆ ಹೋದೆ. ಅವರ ಬೇಗಂ, ನಾವು ಖಾಲಾ ಎಂದು ಕರೆಯುವವರು, ಕೇಳಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ "ಅದರಲ್ಲಿ ಕೆಲವು ನಾನೇ ಹೇಳಿ ಬರೆಸಿದ್ದೆ ಬೇಟಿ" ಎಂದು ನಿಧಾನವಾಗಿ ಹಾಡತೊಡಗಿದರು. ನಾಲ್ಕು ಜೋಗುಳ ನೆನಪಿದ್ದವು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಉಳಿದವನ್ನು ಹೇಳಿ ಬರೆಸಿದವರು ಯಾರೂ ಈಗ ಇಲ್ಲ.

ಮುಂದೇನು ಮಾಡಬೇಕು?

ಸ್ನೇಹಿತರೇ, ನಮ್ಮ ಸಂಸ್ಥೆಯ ಹಳೆಯ ವಾರ್ಷಿಕ ಸಂಚಿಕೆಗಳು ಎಲ್ಲಿವೆ? ಪುಸ್ತಕಗಳು ಕೆಲವರ ಮನೆಯಲ್ಲಿವೆ, ಫೈಲುಗಳು ಪೇಜ್‌ಮೇಕರ್‌ನಲ್ಲಿ, ಇನ್‌ಪೇಜಿನಲ್ಲಿ, ಯಾವುದೋ ಸಿಡಿಯಲ್ಲಿವೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನ ಹಳೆಯ ಆವೃತ್ತಿಗಳು ಆ ಫೈಲುಗಳನ್ನು ತೆರೆಯುತ್ತಿದ್ದವು, ಈಗಿನವು ತೆರೆಯುವುದಿಲ್ಲ. ತಡ ಮಾಡಿದಷ್ಟೂ ಓದಬಲ್ಲವರು ಕಡಿಮೆಯಾಗುತ್ತಾರೆ. ಆದ್ದರಿಂದ ನನ್ನ ಕೆಲವು ವಿನಂತಿಗಳು:

ಮನೆಯಲ್ಲಿರುವ ಹಳೆಯ ಸಿಡಿ, ಪೆನ್‌ಡ್ರೈವ್ ಬಿಸಾಕುವ ಮುಂಚೆ ಸಂಸ್ಥೆಯ ಲೈಬ್ರರಿಗೆ ತನ್ನಿ. ಈ ರಜೆಯಲ್ಲಿ ವಿದ್ಯಾರ್ಥಿಗಳ ಒಂದು ತಂಡ ಮಾಡಿ ಅವುಗಳ ಪಟ್ಟಿ ಮಾಡೋಣ.

ಇನ್ನು ಮುಂದೆ ಏನೇ ಟೈಪ್ ಮಾಡಿಸಿದರೂ ಅಂಗಡಿಯವರಿಗೆ ಯೂನಿಕೋಡಿನಲ್ಲೇ ಬೇಕು ಎಂದು ಹೇಳಿ. ಟೈಪ್ ಮಾಡಿದ ಫೈಲಿನ ಜೊತೆಗೆ ಪಿಡಿಎಫ್ ಕೂಡ ಕೇಳಿ ಪಡೆಯಿರಿ. ಪಿಡಿಎಫ್ ಮಾಡುವಾಗ ಫಾಂಟು ಅದರೊಳಗೇ ಸೇರಿರಲಿ. ಆಗ ಯಾವ ಕಂಪ್ಯೂಟರಿನಲ್ಲೂ ಪುಟ ಹಾಗೆಯೇ ಕಾಣುತ್ತದೆ. ಅಂಗಡಿಯಿಂದ ಹೊರಡುವ ಮುಂಚೆ ಪ್ರತಿ ಫೈಲನ್ನೂ ತೆರೆದು ನೋಡಿ.

ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಇ-ಮೇಲಿನಲ್ಲಿ ಅಥವಾ ಬೇರೆ ಊರಿನ ನೆಂಟರ ಬಳಿ ಇರಲಿ. ವರ್ಷಕ್ಕೊಮ್ಮೆ ತೆರೆದು ನೋಡಿ. ಮುಖ್ಯವಾದದ್ದನ್ನು ಕಾಗದದ ಮೇಲೂ ಪ್ರಿಂಟ್ ತೆಗೆದಿಡಿ. ಕೈಬರಹವನ್ನು ಯಾವ ಕಾರಣಕ್ಕೂ ಎಸೆಯಬೇಡಿ.

ವಿದ್ಯಾರ್ಥಿಗಳೇ, ಸ್ಕಾಲರ್‌ಶಿಪ್ ಅರ್ಜಿಗೆ ಹಾಕುವ ಮಾರ್ಕ್ಸ್‌ಕಾರ್ಡ್, ಜಾತಿ-ಆದಾಯ ಪತ್ರ ಇವುಗಳಿಗೂ ಇದೇ ಮಾತು. ಕೊನೆಯ ದಿನ ಸೈಬರಿನಲ್ಲಿ ಕೂತು ಫೈಲು ತೆರೆಯುತ್ತಿಲ್ಲ ಎಂದು ಅತ್ತರೆ ಪ್ರಯೋಜನವಿಲ್ಲ. ಒಂದು ವಾರ ಮುಂಚೆ ತೆರೆದು ನೋಡಿ, ಹೆಸರು ಸರಿಯಾಗಿ ಇಡಿ. 'ಸ್ಕ್ಯಾನ್ 1', 'ಸ್ಕ್ಯಾನ್ 2' ಎಂದು ಬೇಡ. ಯಾವ ಪತ್ರ, ಯಾವ ವರ್ಷ ಎಂಬುದು ಹೆಸರಿನಲ್ಲೇ ಇರಲಿ.

ಉಸ್ತಾದರ ಪುಸ್ತಕವನ್ನು ಸಂಸ್ಥೆಯ ವತಿಯಿಂದ ಅಚ್ಚು ಹಾಕಿಸಬೇಕೆಂದು ಈ ವೇದಿಕೆಯಿಂದ ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ. ಏಳು ಅಧ್ಯಾಯ ಸಿದ್ಧವಾಗಿವೆ. ಎಂಟನೆಯದರಲ್ಲಿ ನಾಲ್ಕು ಜೋಗುಳ ಇರುತ್ತವೆ. ನಿಮ್ಮ ಮನೆಯ ಅಜ್ಜಿಗೆ ಐದನೆಯದು ಗೊತ್ತಿದ್ದರೆ ಇವತ್ತೇ ಹೋಗಿ ಬರೆದುಕೊಳ್ಳಿ.